ಬರೀ ಇಂಗ್ಲಿಷ್

ಅಮೆರಿಕದ ಮಿಷಿಗನ್ನಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಅಜ್ಜಿ 'ಬ್ಲಾಕ್' ಎಂದದ್ದು ನನಗೆ 'ಬ್ಲ್ಯಾಕ್' ಎಂದೇ ಕೇಳಿತ್ತು. ನಿಮ್ಮ ಮಾತಿನ ರಾಗ ಚೆಂದ ಎಂದೆ. "ರಾಗ ದಕ್ಷಿಣದವರದು, ನಮ್ಮದು ಬರೀ ಇಂಗ್ಲಿಷ್" ಎಂದರು ಅಚ್ಚರಿಯಿಂದ.

ಭಾಷಾವಿಜ್ಞಾನಿ ಡೆನಿಸ್ ಪ್ರೆಸ್ಟನ್ ಕೇಳಿದಾಗಲೂ ಮಿಷಿಗನ್ನಿನವರು ಅತಿ ಶುದ್ಧ ಮಾತು ತಮ್ಮದೇ ಎಂದಿದ್ದರು. ದಕ್ಷಿಣದ ಅಲಬಾಮದವರು ತಮ್ಮದನ್ನು ಇಂಪು ಎಂದರು, ಶುದ್ಧ ಎನ್ನಲು ಹಿಂಜರಿದರು. ಆ ಹಿಂಜರಿಕೆ ನನಗೆ ನೋವು ತರುತ್ತದೆ.

1999ರಲ್ಲಿ ನ್ಯಾನ್ಸಿ ನೀಡ್ಜಿಯೆಲ್ಸ್ಕಿ ಪ್ರಕಟಿಸಿದ ಪ್ರಯೋಗ ಇನ್ನೂ ಸೋಜಿಗದ್ದು. ಮಿಷಿಗನ್ನಿನ ಡೆಟ್ರಾಯಿಟ್‌ನವರೊಬ್ಬರ ಧ್ವನಿಮುದ್ರಣವನ್ನು ಅದೇ ಊರಿನವರಿಗೆ ಕೇಳಿಸಿದರು. ಕೆನಡಾದ ದನಿ ಎಂದು ಯಾರಿಗೆ ಹೇಳಿದ್ದರೋ ಅವರಲ್ಲಿ ಹೆಚ್ಚಿನವರಿಗೆ ಸ್ವರದಲ್ಲಿ ಕೆನಡಾದ ಉಚ್ಚಾರ ಕೇಳಿಸಿತು. ಮಿಷಿಗನ್ನಿನದು ಎಂದು ಯಾರಿಗೆ ಹೇಳಿದ್ದರೋ ಅವರಿಗೆ ಅದು ಅಷ್ಟಾಗಿ ಕೇಳಿಸಲಿಲ್ಲ. ದನಿ ಮಾತ್ರ ಒಂದೇ.

ಈಗ ಅಜ್ಜಿಯ 'ಬ್ಲಾಕ್' ನನಗೂ 'ಬ್ಲಾಕ್' ಎಂದೇ ಕೇಳುತ್ತದೆ.