ರೇಡಿಯೇಟರಿನ ರಬ್ಬರು ಕೊಳವೆ: ಪರೀಕ್ಷೆ ಮತ್ತು ಬದಲಾವಣೆ

ತುಮಕೂರಿನಿಂದ ಶಿರಾದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಕೋರದ ಆಸುಪಾಸಿನಲ್ಲಿ, ಬೇಸಗೆಯ ಮಧ್ಯಾಹ್ನ ಬಾನೆಟ್ಟು ಎತ್ತಿ ಆವಿ ಕಾರುತ್ತ ನಿಂತ ಹಳೆಯ ಕಾರೊಂದು ಕಣ್ಣಿಗೆ ಬಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಅದರಲ್ಲಿ ಆಸ್ಪತ್ರೆಗೆ ಹೊರಟ ರೋಗಿ ಇರಬಹುದು. ಮುಹೂರ್ತಕ್ಕೆ ತಡವಾದ ಬೀಗರು ಇರಬಹುದು. ಅಂತಹ ಕಾರಿನಲ್ಲಿ ಬಹುವೇಳೆ ಎಂಜಿನ್ನು ಕೆಟ್ಟಿರುವುದಿಲ್ಲ. ಅಲ್ಪ ಬೆಲೆಯ ರಬ್ಬರು ಕೊಳವೆಯೊಂದು ಬಿರಿದಿರುತ್ತದೆ. ಆದರೆ ಅದನ್ನು ಲಕ್ಷಿಸದೆ ಇನ್ನೆರಡು ಕಿಲೋಮೀಟರು ಓಡಿಸಿದುದಾದರೆ ಗ್ಯಾಸ್ಕೆಟ್ ಸುಟ್ಟು, ಸಿಲಿಂಡರಿನ ಹೆಡ್ಡು ಸೊಟ್ಟಗಾಗಿ, ನೂರರಲ್ಲಿ ಮುಗಿಯುತ್ತಿದ್ದ ಖರ್ಚು ಹಲವು ಸಾವಿರಕ್ಕೆ ಏರುತ್ತದೆ.

ಉತ್ತರಪಾಡಾದಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. 1983ರಲ್ಲಿ ಹೊರಬಂದ ಮಾರುತಿ 800 ಕೂಡ ಅದೇ ವರ್ಷ ಕೊನೆಗೊಂಡಿತು. ಮುಂಬಯಿಯ ಪ್ರೀಮಿಯರ್ ಪದ್ಮಿನಿಯಂತೂ ಅದಕ್ಕೂ ಬಹಳ ಮೊದಲೇ ಮರೆಯಾಗಿತ್ತು. ಆದರೂ ಇವುಗಳನ್ನು ಮನೆಯ ಹಿರಿಯರಂತೆ ಜೋಪಾನ ಮಾಡಿಕೊಂಡು ಬಂದಿರುವ ಕುಟುಂಬಗಳುಂಟು. ಎರಕದ ಕಬ್ಬಿಣದ ಎಂಜಿನ್ನು ನಲವತ್ತು ವರ್ಷ ಬಾಳೀತು. ರಬ್ಬರಿಗೆ ಅಷ್ಟು ಆಯುಸ್ಸಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದೇ ವಿವೇಕ.

ಉರಿದ ಪೆಟ್ರೋಲಿನ ಶಾಖದಲ್ಲಿ ಗಾಡಿಯನ್ನು ನಡೆಸಲು ಒದಗುವುದು ಸುಮಾರು ಕಾಲು ಭಾಗ. ಮೂರರಲ್ಲೊಂದು ಪಾಲನ್ನು ನೀರೇ ಹೊತ್ತೊಯ್ಯಬೇಕು. ಎಂಜಿನ್ನಿನಲ್ಲಿ ಕಾದ ನೀರು ಥರ್ಮೋಸ್ಟಾಟನ್ನು ದಾಟಿ ಮೇಲಿನ ಕೊಳವೆಯ ಮೂಲಕ ರೇಡಿಯೇಟರನ್ನು ಸೇರುತ್ತದೆ. ಅಲ್ಲಿ ತಣಿದು ಕೆಳಗಿನ ಕೊಳವೆಯ ಮೂಲಕ ಪಂಪಿಗೆ ಮರಳುತ್ತದೆ. ಈ ಕೊಳವೆಗಳು ಲೋಹದವೇಕಲ್ಲ ಎಂದು ಕೇಳಬಹುದು. ಎಂಜಿನ್ನು ಸದಾ ಅದುರುತ್ತಿರುತ್ತದೆ, ರೇಡಿಯೇಟರು ಚೌಕಟ್ಟಿಗೆ ಬಿಗಿದು ನಿಂತಿರುತ್ತದೆ. ಇವೆರಡರ ನಡುವೆ ಲೋಹದ ಕೊಳವೆಯಿದ್ದರೆ ಬೇಗನೆ ಸೀಳಿಹೋಗುತ್ತದೆ. ಆದುದರಿಂದಲೇ ನೂಲಿನ ಹೆಣಿಗೆಯನ್ನು ಒಳಗಿಟ್ಟ ರಬ್ಬರು.

ನಮ್ಮ ಕಡೆಯ ನೆಲದ ಎತ್ತರವನ್ನೂ ಇಲ್ಲಿ ನೆನೆಯಬೇಕು. ತುಮಕೂರಿನ ಸೀಮೆ ಸಮುದ್ರ ಮಟ್ಟಕ್ಕಿಂತ ಸುಮಾರು 800 ಮೀಟರು ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಚದರ ಅಂಗುಲಕ್ಕೆ ಏಳು ಪೌಂಡಿನ ಒತ್ತಡವನ್ನು ಹಿಡಿದಿಟ್ಟರೆ ಅದೇ ನೀರು 108 ಡಿಗ್ರಿಯವರೆಗೂ ಕುದಿಯದೆ ನಿಲ್ಲುತ್ತದೆ. ಕೊಳವೆ ಸೀಳಿದೊಡನೆ ಆ ಒತ್ತಡ ಕಳೆದು ನೀರು ಒಮ್ಮೆಲೇ ಆವಿಯಾಗಿ ಚಿಮ್ಮುವುದು ಈ ಕಾರಣದಿಂದ. ಇನ್ನೊಂದು ಮೋಸವೂ ಉಂಟು: ನೀರೆಲ್ಲ ಹೊರಟುಹೋದ ಮೇಲೆ ಶಾಖಮಾಪಕದ ಮುಳ್ಳು ಕೆಳಗಿಳಿಯುವ ಸಂಭವವಿದೆ, ಏಕೆಂದರೆ ಅದರ ತುದಿಗೆ ತಗಲುವುದು ಆಗ ನೀರಲ್ಲ. ಮುಳ್ಳು ಇಳಿಯಿತೆಂದು ಸಮಾಧಾನಪಟ್ಟು ಮುಂದುವರಿದವರು ಎಂಜಿನ್ನನ್ನೇ ಕಳೆದುಕೊಳ್ಳುತ್ತಾರೆ.

ರಬ್ಬರಿಗೆ ಶತ್ರುಗಳು ಹಲವು. ಶಾಖದಿಂದ ಅದು ಗಡುಸಾಗಿ ಬಿರುಕು ಬಿಡುತ್ತದೆ. ಸೋರಿದ ಆಯಿಲು ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಇವು ಕಣ್ಣಿಗೆ ಕಾಣುವಂತಹವು. ಕಾಣದ ಶತ್ರುವೇ ಹೆಚ್ಚು ಅಪಾಯಕರ. ಲವಣ ಬೆರೆತ ನೀರು, ಎಂಜಿನ್ನಿನ ಕಬ್ಬಿಣ, ರೇಡಿಯೇಟರಿನ ಹಿತ್ತಾಳೆ ಒಂದೆಡೆ ಕೂಡಿದಾಗ ಅಲ್ಲಿ ಅತಿ ಕ್ಷೀಣವಾದ ವಿದ್ಯುತ್ಪ್ರವಾಹ ಹುಟ್ಟುತ್ತದೆ. ಇಂಗಾಲ ಬೆರೆಸಿದ ಕಪ್ಪು ರಬ್ಬರಿನಲ್ಲಿಯೂ ಅದು ಹರಿದು, ಕೊಳವೆಯ ಒಳಮೈಯಲ್ಲಿ, ವಿಶೇಷವಾಗಿ ತುದಿಗಳ ಬಳಿ, ಉದ್ದುದ್ದನೆಯ ಕೂದಲೆಳೆಯಂತಹ ಬಿರುಕುಗಳನ್ನು ಮೂಡಿಸುತ್ತದೆ. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ದೊರೆಯದು. ನಮ್ಮ ಜಿಲ್ಲೆಯ ಕೊಳವೆ ಬಾವಿಗಳ ನೀರು ಬಹುಮಟ್ಟಿಗೆ ಗಡುಸು. ಸೋಪು ನೊರೆಗಟ್ಟದ ನೀರನ್ನು ರೇಡಿಯೇಟರಿಗೆ ಸುರಿಯುವುದು ಸರ್ವಥಾ ಸಲ್ಲದು. ಬಟ್ಟಿ ಇಳಿಸಿದ ನೀರು ಮತ್ತು ಕೂಲಂಟ್ ಬೆರೆಸಿ ಹಾಕುವುದು ಯುಕ್ತ.

ಆದಕಾರಣ ಪರೀಕ್ಷೆಗೆ ಕಣ್ಣಿಗಿಂತ ಕೈ ಮೇಲು. ಎಂಜಿನ್ನು ಪೂರ್ತಿ ತಣ್ಣಗಿರುವಾಗ, ಅಂದರೆ ಬೆಳಗಿನ ಹೊತ್ತು, ಕೊಳವೆಯ ನಡುಭಾಗವನ್ನೂ ಕ್ಲಿಪ್ಪಿನ ಪಕ್ಕದ ತುದಿಯನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಅಮುಕಿ ಹೋಲಿಸಬೇಕು. ತುದಿಯು ನಡುವಿಗಿಂತ ಮೆತ್ತಗಿದ್ದರೆ, ಅಥವಾ ಒಳಗೆ ಸೀಳಿನಂತೆ ಬೆರಳಿಗೆ ತಗುಲಿದರೆ, ಹೊರಮೈ ಎಷ್ಟೇ ಚೆನ್ನಾಗಿದ್ದರೂ ಆ ಕೊಳವೆಯ ಕಾಲ ಮುಗಿಯಿತು. ಅಮುಕಿದಾಗ ಕರಕರ ಎನ್ನುವುದೂ ಕೆಟ್ಟುದರ ಲಕ್ಷಣವೇ. ಕ್ಲಿಪ್ಪಿನ ಸುತ್ತ ಬಿಳಿಯ ಇಲ್ಲವೆ ಹಸಿರು ಹುಡಿ ಕಟ್ಟಿದ್ದರೆ ಅಲ್ಲಿ ನೀರು ಜಿನುಗುತ್ತಿದೆಯೆಂದು ತಿಳಿಯಬೇಕು. ಹೀಟರಿನ ಕೊಳವೆಗಳನ್ನೂ, ಪಂಪಿನ ಬಳಿಯ ಗಿಡ್ಡ ಕೊಳವೆಯನ್ನೂ ಬಹಳ ಮಂದಿ ಮರೆಯುತ್ತಾರೆ.

ಬದಲಿಸುವ ಕೆಲಸ ಕಷ್ಟದ್ದಲ್ಲ, ಆತುರ ಮಾತ್ರ ಕೂಡದು. ಮುಚ್ಚಳವನ್ನು ಬಿಸಿಯಿರುವಾಗ ತೆರೆಯಬಾರದು. ಮುಖ ಕೈ ಬೆಂದುಹೋಗುತ್ತದೆ. ಕೆಳಗಿನ ನಲ್ಲಿಯಿಂದ ನೀರನ್ನು ಪಾತ್ರೆಗೆ ಇಳಿಸಿ ಮುಚ್ಚಿಡಬೇಕು. ಕೂಲಂಟಿನಲ್ಲಿರುವ ಗ್ಲೈಕಾಲ್ ಸಿಹಿಯಾಗಿದ್ದು ವಿಷಕಾರಿ. ದನಕರು, ನಾಯಿಗಳು ನೆಕ್ಕಿದರೆ ಪ್ರಾಣಕ್ಕೇ ಸಂಚಕಾರ. ಅಂಟಿಕೊಂಡ ಹಳೆಯ ಕೊಳವೆಯನ್ನು ಸ್ಕ್ರೂಡ್ರೈವರಿನಿಂದ ಮೀಟಿ ಎಳೆಯುವುದು ಸಾಮಾನ್ಯ ತಪ್ಪು. ಹಳೆಯ ರೇಡಿಯೇಟರಿನ ಮೂತಿ ಬೆಸುಗೆ ಹಾಕಿದ ತೆಳು ಹಿತ್ತಾಳೆಯದು; ಬಾಗಿದರೆ ರೇಡಿಯೇಟರೇ ರಿಪೇರಿಗೆ. ಹೇಗೂ ಎಸೆಯುವ ಕೊಳವೆಯಾದುದರಿಂದ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸುವುದು ಸುಲಭ. ಕೆಳಗಿನ ಕೊಳವೆಯೊಳಗೆ ತಂತಿಯ ಸುರುಳಿಯಿದ್ದರೆ ಅದನ್ನು ಎಸೆಯಬಾರದು. ಪಂಪು ಹೀರುವಾಗ ಕೊಳವೆ ಚಪ್ಪಟೆಯಾಗದಂತೆ ತಡೆಯುವುದು ಅದೇ. ಹೊಸ ಕೊಳವೆಯಲ್ಲಿ ಸುರುಳಿ ಇಲ್ಲದಿದ್ದರೆ ಹಳೆಯದನ್ನು ತೊಳೆದು ಕೂರಿಸಬೇಕು, ತುಕ್ಕು ಹಿಡಿದಿದ್ದರೆ ಬೇರೆಯದನ್ನು ತರಬೇಕು.

ಮೂತಿಯ ಹಕ್ಕಳೆಯನ್ನು ಉಜ್ಜಿ ತೆಗೆದು, ಬರಿಯ ನೀರು ಸವರಿ ಹೊಸ ಕೊಳವೆಯನ್ನು ಏರಿಸಬೇಕು. ಗ್ರೀಸು ಬೇಡ, ಅದು ರಬ್ಬರನ್ನು ತಿನ್ನುತ್ತದೆ. ಕ್ಲಿಪ್ಪು ಮೂತಿಯ ಉಬ್ಬಿನ ಆಚೆಗೆ ಕೂರಬೇಕು. ಅತಿಯಾಗಿ ಬಿಗಿದರೆ ರಬ್ಬರು ಕತ್ತರಿಸುತ್ತದೆ. ಬಳಿಕ ನೀರು ತುಂಬಿ, ಮುಚ್ಚಳ ತೆರೆದಿಟ್ಟೇ ಎಂಜಿನ್ನನ್ನು ನಿಧಾನವಾಗಿ ಓಡಿಸಬೇಕು. ಥರ್ಮೋಸ್ಟಾಟು ತೆರೆದಾಗ ಒಳಗೆ ಸಿಕ್ಕಿದ ಗಾಳಿ ಗುಳುಗುಳು ಎಂದು ಹೊರಬಂದು ನೀರಿನ ಮಟ್ಟ ಇಳಿಯುತ್ತದೆ. ಇಳಿದಷ್ಟನ್ನು ತುಂಬಿ ಮುಚ್ಚಬೇಕು. ಹೊಸ ರಬ್ಬರು ಶಾಖಕ್ಕೆ ಸ್ವಲ್ಪ ಕುಗ್ಗುವುದರಿಂದ, ಮೂರು ನಾಲ್ಕು ದಿನ ಓಡಿದ ಮೇಲೆ, ತಣ್ಣಗಿರುವಾಗ ಕ್ಲಿಪ್ಪುಗಳನ್ನು ಮತ್ತೆ ಅರ್ಧ ಸುತ್ತು ಬಿಗಿಯಬೇಕಾಗುತ್ತದೆ.