ಪದಕದ ಬಾಕಿ 23 ವರ್ಷ!

ಗಾಂಧಿನಗರ: ಬಳ್ಳಾರಿಯಿಂದ ಕೊಡಗು ನೋಡಲು ಹೋದ ಮಂದಿ ಮಡಿಕೇರಿಯ ಹಳೇ ಖಾಸಗಿ ಬಸ್ ನಿಲ್ದಾಣದ ಹತ್ತಿರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವೃತ್ತ ದಾಟಿಯೇ ಇರ್ತಾರೆ. ಯಾರೀ ದೇವಯ್ಯ ಅಂತ ಕೇಳಿದವರು ಕಮ್ಮಿ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ನಮ್ಮ ಮಿಸ್ಟೀರ್ ವಿಮಾನಗಳು ಹೊರಟವು. ದೇವಯ್ಯನವರದು ಬದಲಿ ವಿಮಾನ. ಬೇರೆಯದು ಕೈಕೊಟ್ಟರೆ ಮಾತ್ರ ಹೋಗಬೇಕು. ಹೋದರು. ಜತೆಗಾರರು ಮರಳಿದರು, ಅವರು ಬರಲಿಲ್ಲ. ‘ನಾಪತ್ತೆ’ ಅಂತ ಬರೆದದ್ದಾಯ್ತು.

ನಡೆದದ್ದು ಬೇರೆಯೇ. ಬೆನ್ನಟ್ಟಿ ಬಂದದ್ದು ಅಮೆರಿಕದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೀರ್ ಅದರ ಮುಂದೆ ಎತ್ತಿನ ಬಂಡಿ! ಓಡಿ ಪ್ರಯೋಜನವಿಲ್ಲ. ದೇವಯ್ಯ ತಿರುಗಿಬಿದ್ದು ಗುಂಡು ಹಾರಿಸಿದರು. ಸ್ಟಾರ್‌ಫೈಟರ್ ಉರುಳಿತು, ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ. ದೇವಯ್ಯನವರ ವಿಮಾನವೂ ಬಿತ್ತು, ಅವರು ಉಳಿಯಲಿಲ್ಲ. ಅಲ್ಲಿನ ಹಳ್ಳಿಗರೇ ಹೊಲದಲ್ಲಿ ಮಣ್ಣು ಮಾಡಿದರು.

ಇದನ್ನು ನಮ್ಮ ಕಡೆಯವರು ಯಾರೂ ಕಂಡಿರಲಿಲ್ಲ. ಕಂಡವರಿಲ್ಲ ಅಂದ್ರೆ ಸರ್ಕಾರಿ ಫೈಲಿನಲ್ಲಿ ನಡೆದೇ ಇಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, ಪಾಕಿಸ್ತಾನಿ ವಾಯುಪಡೆ ಕೊಟ್ಟ ಮಾಹಿತಿ ಇಟ್ಟುಕೊಂಡು, ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೀರ್ ಜತೆ ಕಾದಾಡಿ ಎಂದು ಬರೆದರು. ಸಾಕ್ಷಿ ಹೇಳಿದ್ದು ವೈರಿ; ಶಾಭಾಸ್ ಅನ್ನಲೇಬೇಕು. ಆ ತಂಡದಲ್ಲಿ ಮರಳದವರು ದೇವಯ್ಯ. ದಾಳಿಯ ನಾಯಕ ಓ.ಪಿ. ತನೇಜಾ ಪಟ್ಟು ಹಿಡಿದರು.

ಉದ್ರಿ ಪುಸ್ತಕದಲ್ಲಿ ಯಾವ ಶೆಟ್ಟರೂ ಇಷ್ಟು ವರ್ಷ ಬಾಕಿ ಬಿಡೋದಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಪಡೆದದ್ದು ಪತ್ನಿ. ದೇಹ ಮಾತ್ರ ಗಡಿಯಾಚೆಯೇ ಉಳಿಯಿತು.