ಮಕರದ ಮೂತಿಯಲ್ಲಿ ಉಳಿದ ಮೇಕೆ

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಗೋಡೆಯ ಬುಡದಲ್ಲಿ, ಪುರಾಣಕಥೆಗಳ ಪಟ್ಟಿಕೆಯ ಮೇಲೆ, ಹಂಸಗಳ ಸಾಲಿನ ಕೆಳಗೆ ಮಕರಗಳ ಮೆರವಣಿಗೆ ಹೊರಟಿದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ಹಂದಿಯ ಮೈ, ನವಿಲಿನ ಬಾಲ. ಗೈಡಿನಿಂದ ಗೈಡಿಗೆ ಈ ಪಟ್ಟಿ ಒಂದಿಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಯಾರ ಪಟ್ಟಿಯಲ್ಲೂ ಮೇಕೆ ಇರುವುದಿಲ್ಲ. ಪತ್ರಿಕೆಯ ರಾಶಿಭವಿಷ್ಯದ ಪುಟ ತೆರೆದರೆ ಮಕರದ ಪಕ್ಕದಲ್ಲಿ ಕೂತಿರುವುದು ಮಾತ್ರ ಕೊಂಬು, ಗಡ್ಡ, ಮೀನಿನ ಬಾಲವಿರುವ ಮೇಕೆಯೇ.

ಈ ಎರಡರಲ್ಲಿ ಮಕರ ಯಾವುದು? ಸಾಕ್ಷಿ ಹೇಳಬಲ್ಲವನು 6ನೇ ಶತಮಾನದ ವರಾಹಮಿಹಿರ. ‘ಬೃಹಜ್ಜಾತಕ’ದಲ್ಲಿ ಹನ್ನೆರಡು ರಾಶಿಗಳ ರೂಪ ವಿವರಿಸುವಾಗ ಅವನು ಮಕರಕ್ಕೆ ಜಿಂಕೆಯ ಮುಖ ಅಂಟಿಸಿಬಿಡುತ್ತಾನೆ. ಗುಡಿಯ ಮಕರಕ್ಕೆ ಸೊಂಡಿಲುಂಟು, ಜಿಂಕೆಯ ಮೂತಿ ಇಲ್ಲ. ಆ ಮೂತಿ ಎಲ್ಲಿಂದ ಬಂತು ಎಂದು ಹುಡುಕಹೊರಟರೆ ದಾರಿ ಇರಾಕಿನವರೆಗೆ ಒಯ್ಯುತ್ತದೆ.

ಯೂಫ್ರಟಿಸ್ ನದಿಯ ಕೆಳಭಾಗದಲ್ಲಿ ಎರಿದು ಎಂಬ ಪ್ರಾಚೀನ ಪಟ್ಟಣವಿತ್ತು. ಅದರ ಅಧಿದೇವತೆಯನ್ನು ಸುಮೇರಿಯನ್ನರು ಎಂಕಿ ಎಂದರು, ಬ್ಯಾಬಿಲೋನಿಯನ್ನರು ಇಯ ಎಂದರು. ಭೂಮಿಯೊಳಗಿನ ಸಿಹಿನೀರಿಗೆ, ಜಾಣತನಕ್ಕೆ, ಕುಶಲಕಲೆಗಳಿಗೆ ಅವನೇ ಒಡೆಯ. ಮಹಾಪ್ರಳಯ ಬರಲಿದೆ ಎಂದು ಮನುಷ್ಯರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸಿದವನೂ ಅವನೇ. ಮುಂದೆ ಮೇಕೆ, ಹಿಂದೆ ಮೀನು ಆದ ಪ್ರಾಣಿ ಅವನ ಲಾಂಛನ. ನೆಲಕ್ಕೂ ನೀರಿಗೂ ಸೇರಿದ ದೇವರಿಗೆ ಎರಡೂ ಕಡೆ ಓಡಾಡಬಲ್ಲ ಪ್ರಾಣಿಯೇ ತಕ್ಕದ್ದು. ಮೂರು ಸಾವಿರ ವರ್ಷಗಳಿಗೂ ಹಿಂದಿನ ಬ್ಯಾಬಿಲೋನಿನ ಭೂದಾನದ ಕಲ್ಲುಗಳ ಮೇಲೆ ಇದನ್ನು ಕಾಣಬಹುದು. ನಮ್ಮ ದಾನಶಾಸನಗಳ ನೆತ್ತಿಯಲ್ಲಿ ಸೂರ್ಯಚಂದ್ರರಿರುವಂತೆ ಆ ಕಲ್ಲುಗಳ ಮೇಲೂ ಸೂರ್ಯ, ಚಂದ್ರ, ನಕ್ಷತ್ರ ಇವೆ. ಅವುಗಳ ಜೊತೆಗೆ ಟಗರುತಲೆಯ ದಂಡ, ಅದರ ಅಡಿಯಲ್ಲಿ ಮೇಕೆಮೀನು. ದಾನಕ್ಕೆ ಅಳುಪಿದವನಿಗೆ ಶಾಪ ಹಾಕುವ ಪದ್ಧತಿಯೂ ಎರಡೂ ಕಡೆ ಒಂದೇ. ‘ಮುಲ್ ಅಪಿನ್’ ಎಂಬ ಬ್ಯಾಬಿಲೋನಿನ ನಕ್ಷತ್ರಪಟ್ಟಿಯಲ್ಲಿ ಈ ಪ್ರಾಣಿ ಆಗಲೇ ಆಕಾಶ ಸೇರಿತ್ತು. ಕ್ರಿಸ್ತಪೂರ್ವ 5ನೇ ಶತಮಾನದ ಹೊತ್ತಿಗೆ ಸೂರ್ಯನ ಹಾದಿಯನ್ನು ಸಮನಾದ ಹನ್ನೆರಡು ಭಾಗ ಮಾಡಿದಾಗ ಒಂದು ಭಾಗ ಅದರ ಪಾಲಿಗೆ ಬಂತು.

ಗ್ರೀಕರು ಚಿತ್ರ ಪಡೆದರು, ಇಯನನ್ನು ಕೈಬಿಟ್ಟರು. ಖಾಲಿ ಉಳಿದ ಚಿತ್ರಕ್ಕೆ ಕಥೆ ಬೇಕಲ್ಲ? ಟೈಫನ್ ಎಂಬ ದೈತ್ಯನಿಗೆ ಹೆದರಿ ಮೇಕೆಗಾಲಿನ ದೇವತೆ ಪ್ಯಾನ್ ನೀರಿಗೆ ಹಾರಿದ, ಮುಳುಗಿದ ಭಾಗ ಮೀನಾಯಿತು, ಮೇಲಿದ್ದದ್ದು ಮೇಕೆಯಾಗಿಯೇ ಉಳಿಯಿತು ಎಂದು ಒಂದನ್ನು ಹೊಸೆದರು. ಜ್ಞಾನದ ದೇವರ ವಾಹನ ಓಡಿಹೋಗುವ ಪುಕ್ಕಲನಾದ ಕಥೆ ಇದು.

ರೋಮಿನಲ್ಲಿ ಅದರ ಅದೃಷ್ಟ ಖುಲಾಯಿಸಿತು. ಚಕ್ರವರ್ತಿ ಅಗಸ್ಟಸ್ ತನ್ನ ಬೆಳ್ಳಿ ನಾಣ್ಯಗಳ ಮೇಲೆ ಮೇಕೆಮೀನನ್ನು ಅಚ್ಚು ಹಾಕಿಸಿದ. ಅವನ ಸೇನಾದಳಗಳೂ ಅದನ್ನು ಧ್ವಜಕ್ಕೇರಿಸಿದವು. ತಮಾಷೆಯೆಂದರೆ ಅವನು ಹುಟ್ಟಿದ್ದು ಸೆಪ್ಟೆಂಬರ್ 23ರಂದು. ಆಗ ಸೂರ್ಯ ಮಕರದ ಹತ್ತಿರವೂ ಇರಲಿಲ್ಲ. ಹುಟ್ಟಿದಾಗ ಚಂದ್ರ ಅಲ್ಲಿದ್ದ ಎನ್ನುವವರು ಕೆಲವರು, ಗರ್ಭ ನಿಂತ ಕಾಲದ ರಾಶಿ ಎನ್ನುವವರು ಕೆಲವರು. ವಿದ್ವಾಂಸರ ಈ ಜಗಳ ಇನ್ನೂ ಮುಗಿದಿಲ್ಲ. ನನಗೆ ಕಾಣುವುದು ರಾಜಕಾರಣ. ಸೂರ್ಯ ದಕ್ಷಿಣದ ತುದಿ ಮುಟ್ಟಿ ಮತ್ತೆ ಮೇಲೇಳುವ ರಾಶಿ ಅದು. ಅಂತರ್ಯುದ್ಧದಿಂದ ಹೈರಾಣಾಗಿದ್ದ ರೋಮಿಗೆ ‘ಕತ್ತಲೆ ಮುಗಿಯಿತು’ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಚಿಹ್ನೆ ಬೇರೆಲ್ಲಿ ಸಿಗಬೇಕು?

ಭಾರತಕ್ಕೆ ಹನ್ನೆರಡು ರಾಶಿಗಳು ಬಂದದ್ದು ಯವನರ, ಅಂದರೆ ಗ್ರೀಕರ ಮೂಲಕ. ‘ಯವನಜಾತಕ’ ಎಂಬ ಸಂಸ್ಕೃತ ಗ್ರಂಥವೇ ಇದೆ. ಅದು 3ನೇ ಶತಮಾನದ್ದು ಎಂದು ವಿದ್ವಾಂಸ ಡೇವಿಡ್ ಪಿಂಗ್ರಿ ಕಟ್ಟಿದ್ದ ಲೆಕ್ಕವನ್ನು ಈಚೆಗೆ ಬಿಲ್ ಮಾಕ್ ಹಸ್ತಪ್ರತಿಗಳನ್ನು ಮರಳಿ ಓದಿ ಅಲುಗಾಡಿಸಿದ್ದಾರೆ. ಕಾಲ ಯಾವುದೇ ಇರಲಿ, ಮೇಕೆಮೀನು ಇಲ್ಲಿಗೆ ಬರುವ ಹೊತ್ತಿಗೆ ಅದರ ಹುದ್ದೆಯಲ್ಲಿ ಬೇರೊಬ್ಬರು ಕೂತಾಗಿತ್ತು. ಬಿಹಾರದ ಬರಾಬರ್ ಬೆಟ್ಟದ ಲೋಮಸ ಋಷಿ ಗುಹೆಯ ಬಾಗಿಲ ಕಮಾನಿನಲ್ಲಿ, ಆನೆಗಳ ಸಾಲಿನ ಎರಡು ತುದಿಗಳಲ್ಲಿ, ಮೌರ್ಯರ ಕಾಲದ ಮಕರಗಳಿವೆ. ವರುಣನಿಗೂ ಗಂಗೆಗೂ ಮಕರವೇ ವಾಹನ, ಮನ್ಮಥನ ಬಾವುಟದಲ್ಲೂ ಅದೇ. ನೀರಿನ ಒಡೆಯನ ಸೇವೆಯಲ್ಲಿದ್ದ ಅಲ್ಲಿನ ಪ್ರಾಣಿಯನ್ನು ನೀರಿನ ಒಡೆಯನ ಸೇವೆಯಲ್ಲಿದ್ದ ಇಲ್ಲಿನ ಪ್ರಾಣಿ ನುಂಗಿತು. ಪೂರ್ತಿ ನುಂಗಲಾಗದೆ ಹೊರಗುಳಿದ ಮುಖವೇ ವರಾಹಮಿಹಿರನ ಜಿಂಕೆಮೂತಿ. ಮೇಕೆಗೆ ಸಿಕ್ಕ ಸಂಸ್ಕಾರ ಅಷ್ಟೇ.

ಈ ನುಂಗಾಟ ಹೊಂದಿಕೆಯಾದದ್ದಕ್ಕೆ ಇನ್ನೊಂದು ಕಾರಣವೂ ಇರಬೇಕು. ನಮ್ಮ ಶಿಲ್ಪದಲ್ಲಿ ಮಕರದ ಜಾಗ ಯಾವಾಗಲೂ ಗಡಿಯಲ್ಲೇ. ತೋರಣ ಹೊರಡುವುದು ಎರಡು ಮಕರಗಳ ಬಾಯಿಂದ. ಅಭಿಷೇಕದ ನೀರು ಗರ್ಭಗುಡಿಯಿಂದ ಹೊರಬೀಳುವುದು ಮಕರಪ್ರಣಾಳದಿಂದ. ಒಳಗು ಹೊರಗಾಗುವ, ಒಂದು ಸ್ಥಿತಿ ಇನ್ನೊಂದಾಗುವ ಕಡೆಯೆಲ್ಲ ಅದನ್ನು ಕಾವಲಿಗೆ ನಿಲ್ಲಿಸಿದ್ದಾರೆ. ದಕ್ಷಿಣಾಯನ ಮುಗಿದು ಉತ್ತರಾಯಣ ಹುಟ್ಟುವ ಹೊಸ್ತಿಲಿಗೆ ಇಂಥ ಕಾವಲುಗಾರ ಒದಗಿದ್ದು ಸರಿಯಾಗಿಯೇ ಇದೆ.

ಆದರೆ ಹೊಸ್ತಿಲು ಇದ್ದಲ್ಲೇ ಇರುವುದಿಲ್ಲ. ವರಾಹಮಿಹಿರ ನನಗೆ ಇಷ್ಟವಾಗುವುದು ಈ ಜಾಗದಲ್ಲಿ. ‘ಬೃಹತ್ಸಂಹಿತೆ’ಯಲ್ಲಿ ಸೂರ್ಯನ ಸಂಚಾರದ ಅಧ್ಯಾಯ ಶುರುಮಾಡುವಾಗಲೇ ಅವನು ಹಿರಿಯರ ಶಾಸ್ತ್ರವನ್ನು ಎದುರಿಗಿಟ್ಟುಕೊಳ್ಳುತ್ತಾನೆ. ಹಿಂದೆ ಉತ್ತರಾಯಣ ಧನಿಷ್ಠೆಯ ಆರಂಭದಲ್ಲಿ ಆಗುತ್ತಿತ್ತಂತೆ, ಹಳೆಯ ಗ್ರಂಥಗಳು ಹಾಗೆ ಹೇಳುವುದರಿಂದ ಅದು ನಿಜವಿದ್ದೀತು. ಈಗ ಮಾತ್ರ ಮಕರದ ಆರಂಭದಲ್ಲಿ ಆಗುತ್ತಿದೆ ಎನ್ನುತ್ತಾನೆ. ಮುಂದೆಯೂ ವ್ಯತ್ಯಾಸ ಬಂದರೆ ಕಣ್ಣಾರೆ ಪರೀಕ್ಷಿಸಿ ತಿಳಿಯಬೇಕು ಎಂದು ಉಪಾಯವನ್ನೂ ಕೊಡುತ್ತಾನೆ: ದೂರದ ಗುರುತಿಗೆ ಹೊಂದಿಸಿ ಸೂರ್ಯನ ಉದಯಾಸ್ತ ನೋಡಿ, ಇಲ್ಲವೇ ನೆಲದ ಮೇಲೆ ದೊಡ್ಡ ವೃತ್ತ ಬರೆದು ಕೋಲಿನ ನೆರಳು ಒಳಹೊಕ್ಕ, ಹೊರಟ ಜಾಗ ಗುರುತಿಸಿ. ಹಳೆಯವರನ್ನು ಸುಳ್ಳರೆನ್ನಲಿಲ್ಲ, ಅವರ ಮಾತಿಗೆ ಜೋತುಬೀಳಲೂ ಇಲ್ಲ.

ಅವನು ಶಂಕಿಸಿದಂತೆಯೇ ಆಯಿತು. ಭೂಮಿಯ ಅಕ್ಷ ನಿಧಾನವಾಗಿ ತೊನೆಯುವುದರಿಂದ ಸೂರ್ಯ ತಿರುಗುವ ಅಯನಬಿಂದು ನಕ್ಷತ್ರಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಹಿಂದೆ ಸರಿಯುತ್ತದೆ. ಇಂದು ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ, ಧನುರ್ಮಾಸದ ಮೊದಲ ವಾರದಲ್ಲೇ. ನಾವು ಎಳ್ಳುಬೆಲ್ಲ ಬೀರುವುದು ಜನವರಿ 14 ಅಥವಾ 15ಕ್ಕೆ. ನಕ್ಷತ್ರಗಳಿಗೆ ಕಟ್ಟಿದ ಆ ಹಬ್ಬವೂ ನಿಂತಲ್ಲಿ ನಿಂತಿಲ್ಲ. 1863ರಲ್ಲಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ತಾರೀಕು ಜನವರಿ 12.

ಬೆಂಗಳೂರಿನ ಗವಿಗಂಗಾಧರೇಶ್ವರನ ಗುಡಿಯಲ್ಲಿ ನಿಜವಾದ ಉತ್ತರಾಯಣಕ್ಕೂ ಹಬ್ಬಕ್ಕೂ ನಡುವಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಹಾದು ಲಿಂಗ ಮುಟ್ಟುವುದನ್ನು ನೋಡಲು ಜನ ಸೇರುತ್ತಾರೆ, ಟಿವಿ ಕ್ಯಾಮೆರಾಗಳು ಕಾದು ಕೂರುತ್ತವೆ. ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಅಳೆದು ತೋರಿಸಿದಂತೆ, ಅದೇ ಬಿಸಿಲು ನವೆಂಬರ್ ಕೊನೆಯಲ್ಲೂ ಲಿಂಗ ಮುಟ್ಟುತ್ತದೆ. ತುದಿ ಮುಟ್ಟಲು ಹೋಗುವ ಸೂರ್ಯ, ಮುಟ್ಟಿ ಬರುವ ಸೂರ್ಯ ಒಂದೇ ಹಾದಿಯಲ್ಲಿ ಸಿಗುವುದು ಸಹಜ. ಜನವರಿ 14 ನಿಜವಾದ ತುದಿಯೇ ಆಗಿದ್ದರೆ ಈ ಎರಡನೆಯ ಭೇಟಿ ಇರುತ್ತಿರಲಿಲ್ಲ. ನವೆಂಬರ್‌ನಲ್ಲಿ ನೂಕುನುಗ್ಗಲಿಲ್ಲ, ನೇರಪ್ರಸಾರವೂ ಇಲ್ಲ.

ಸರ್ಕಾರ ಈ ವ್ಯತ್ಯಾಸವನ್ನು ಸರಿಪಡಿಸಲು ಹೊರಟದ್ದುಂಟು. ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಿತು. 1957ರ ಮಾರ್ಚ್ 22ರಿಂದ ಜಾರಿಯಾದ ರಾಷ್ಟ್ರೀಯ ಶಕ ಪಂಚಾಂಗದಲ್ಲಿ ಪೌಷ ಮಾಸ ಶುರುವಾಗುವುದೇ ಡಿಸೆಂಬರ್ 22ಕ್ಕೆ, ಸೂರ್ಯ ತಿರುಗಿದ ಬೆನ್ನಲ್ಲೇ. ಆಕಾಶವಾಣಿಯಲ್ಲಿ ಆ ತಾರೀಕು ಓದಿದರು, ನಾವು ಕೇಳಿ ಮರೆತೆವು. ಮನೆಯ ಗೋಡೆಯ ಪಂಚಾಂಗ ನಕ್ಷತ್ರಗಳಿಗೆ ಅಂಟಿಕೊಂಡ ನಿರಯನ ಲೆಕ್ಕವನ್ನು ಬಿಡಲಿಲ್ಲ.

ಹಬ್ಬದ ದಿನ ಬದಲಿಸಿ ಎಂಬ ಹಟ ನನಗಿಲ್ಲ. ಸಾವಿರಾರು ವರ್ಷ ಊರೂರು ಸುತ್ತಿ ಬಂದ ರಾಶಿಗೆ ಇನ್ನಿಪ್ಪತ್ತನಾಲ್ಕು ದಿನದ ತಡ ದೊಡ್ಡದಲ್ಲ. ಸಿಟ್ಟು ಬರುವುದು, ಸಂಕ್ರಾಂತಿಯ ಬೆಳಿಗ್ಗೆ ಟಿವಿಯಲ್ಲಿ ಕೂತವರು ವರಾಹಮಿಹಿರನ ಹೆಸರು ಹೇಳಿಕೊಂಡೇ ‘ಇಂದು ಸೂರ್ಯ ಪಥ ಬದಲಿಸುತ್ತಾನೆ’ ಎಂದಾಗ. ಅವನು ಬಿಟ್ಟುಹೋದ ಆಸ್ತಿಯಲ್ಲಿ ಜಿಂಕೆಮೂತಿಯ ಮಕರ ಚಿಕ್ಕದು, ನೆರಳು ಅಳೆಯುವ ಬುದ್ಧಿ ದೊಡ್ಡದು. ನಾವು ಚಿಕ್ಕದನ್ನು ಹಂಚಿಕೊಂಡೆವು. ದೊಡ್ಡದಕ್ಕೆ ಬೇಕಿರುವುದು ಶಾಲೆಯ ಅಂಗಳದಲ್ಲಿ ನೆಟ್ಟ ಒಂದು ಮೀಟರಿನ ಕೋಲು ಮಾತ್ರ. ಬೆಂಗಳೂರಿನಲ್ಲಿ ಡಿಸೆಂಬರ್ 21ರ ನಡುಹಗಲಿಗೆ ಅದರ ನೆರಳು ಸುಮಾರು 74 ಸೆಂಟಿಮೀಟರ್, ವರ್ಷದಲ್ಲೇ ಅತಿ ಉದ್ದ. ಜನವರಿ 14ಕ್ಕೆ ಸುಮಾರು 68. ಈ ಆರು ಸೆಂಟಿಮೀಟರ್ ಎಲ್ಲಿ ಹೋಯಿತು ಎಂದು ಮಗು ಕೇಳಿದರೆ, ಉತ್ತರ ಹೇಳಲು ಜ್ಯೋತಿಷಿ ಬೇಕಾಗಿಲ್ಲ.